ಹೆರಾಲ್ಡ್ 13/60: ಪೆಟ್ರೋಲ್, ಟೆಂಪರೇಚರ್ ಎರಡೂ ಮುಳ್ಳು ಮೇಲಕ್ಕೇ ಹೋಗುತ್ತಿವೆ

ಅಪ್ಪನ ಹೆರಾಲ್ಡ್:
ನನ್ನದು 1969ರ ಟ್ರಯಂಫ್ ಹೆರಾಲ್ಡ್ 13/60 ಕಾರು. ನಾನಿರುವುದು ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ, ಈ ಕಾರು ಹುಟ್ಟಿದ ಊರಲ್ಲೇ. ಮೈಸೂರಲ್ಲಿ ಅಪ್ಪನ ಹತ್ತಿರ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಬಾನೆಟ್ ಇಡಿಯಾಗಿ ಮುಂದಕ್ಕೆ ಎತ್ತಿದರೆ ನಾನು ಚಕ್ರದ ಮೇಲೆ ಕೂತು ನೋಡುತ್ತಿದ್ದೆ. ಅದಕ್ಕೇ ಈ ಕಾರು ಕೊಂಡಿದ್ದು.

ಚಳಿಗಾಲದಲ್ಲಿ ಮರದ ಡ್ಯಾಶ್‌ಬೋರ್ಡ್ ಬಿಚ್ಚಿ, ಉಜ್ಜಿ, ಐದು ಕೋಟ್ ವಾರ್ನಿಶ್ ಹೊಡೆದು ವಾಪಸ್ ಕೂರಿಸಿದೆ. ಈಗ ಹತ್ತು ಲೀಟರ್ ಹಾಕಿದರೂ ಪೆಟ್ರೋಲ್ ಮುಳ್ಳು ಫುಲ್ ದಾಟುತ್ತದೆ. ಐದು ನಿಮಿಷ ಓಡಿಸಿದರೆ ಟೆಂಪರೇಚರ್ ಮುಳ್ಳು ಕೊನೆ ಮುಟ್ಟುತ್ತದೆ. ರೇಡಿಯೇಟರ್ ಮಾತ್ರ ಬೆಚ್ಚಗೂ ಆಗಿರುವುದಿಲ್ಲ! ಥರ್ಮೋಸ್ಟಾಟ್, ಟೆಂಪರೇಚರ್ ಸೆಂಡರ್ (ಬಿಸಿ ಎಷ್ಟಿದೆ ಅಂತ ಮೀಟರ್‌ಗೆ ತಿಳಿಸುವ ಭಾಗ) ಎರಡೂ ಹೊಸದು ಹಾಕಿದೆ. ಏನೂ ಬದಲಾಗಲಿಲ್ಲ. ಇನ್ನೊಂದು ವಿಷಯ, ಸ್ಪೀಡೋಮೀಟರ್ ಒಳಗಿನ ಲೈಟ್ ಒಮ್ಮೆ ಉರಿಯುತ್ತದೆ, ಒಮ್ಮೆ ಇಲ್ಲ. ಸಂಬಂಧ ಇದೆಯೋ ಗೊತ್ತಿಲ್ಲ.

ಕಪ್ಪು ವೈರ್:
ಸಂಬಂಧ ಇದೆ. ಒಂದೇ ಮುಳ್ಳು ತಪ್ಪು ತೋರಿಸಿದರೆ ಸೆಂಡರ್ ನೋಡಬೇಕು. ಎರಡೂ ಒಟ್ಟಿಗೆ ಏರಿದರೆ ಸ್ಟೆಬಿಲೈಸರ್, ಅಂದರೆ ಎರಡೂ ಮೀಟರ್‌ಗೆ ಹೋಗುವ ವೋಲ್ಟೇಜ್ ಹದದಲ್ಲಿಡುವ ಸಣ್ಣ ಡಬ್ಬಿ. ಈ ಮೀಟರ್‌ಗಳಿಗೆ ಬೇಕಾದ್ದು ಸುಮಾರು 10 ವೋಲ್ಟ್. ಸ್ಟೆಬಿಲೈಸರ್ ಒಳಗಿನ ಲೋಹದ ಪಟ್ಟಿ ಕಾದಾಗ ಬಾಗಿ ಕರೆಂಟ್ ಬಿಡಿಸುತ್ತದೆ, ಆರಿದಾಗ ಮತ್ತೆ ಕೂಡಿಸುತ್ತದೆ. ಸರಾಸರಿ 10 ಬರುವುದು ಹೀಗೆ. ಆ ಪಟ್ಟಿ ಕಾಯಬೇಕಾದರೆ ಡಬ್ಬಿಗೆ ಅರ್ತ್ ಸಿಗಬೇಕು, ಅಂದರೆ ಕಾರಿನ ಲೋಹದ ಬಾಡಿ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಸಿಗದಿದ್ದರೆ ಪಟ್ಟಿ ಬಾಗುವುದೇ ಇಲ್ಲ, ಬ್ಯಾಟರಿಯ ವೋಲ್ಟೇಜ್ ಪೂರ್ತಿ ಮೀಟರ್‌ಗೆ ಹೋಗುತ್ತದೆ.

ನಿಮ್ಮದು ಮರದ ಡ್ಯಾಶ್, ಅಲ್ವಾ? ಮರದಲ್ಲಿ ಅರ್ತ್ ಎಲ್ಲಿಂದ ಬರಬೇಕು? ಡ್ಯಾಶ್ ಹಿಂಬದಿಯ ಕಪ್ಪು ವೈರ್ ನೋಡಿ, ಅದೇ ಅರ್ತ್. ಅಲ್ಲಿಯವರೆಗೆ ಜಾಸ್ತಿ ಹೊತ್ತು ಇಗ್ನಿಷನ್ ಆನ್ ಇಡಬೇಡಿ, ಮೀಟರ್ ಸುಟ್ಟೀತು.

ರವಿವಾರದ ಗ್ಯಾರೇಜ್:
ಸುಮ್ನೆ ಎಲೆಕ್ಟ್ರಾನಿಕ್ ಸ್ಟೆಬಿಲೈಸರ್ ಹಾಕಿಬಿಡಿ. ನನ್ನ ಟ್ರಯಂಫ್ ಸ್ಪಿಟ್‌ಫೈರ್ ಕಾರಿನಲ್ಲಿ ಹಾಕಿ ನಾಲ್ಕು ವರ್ಷವಾಯಿತು, ಮುಳ್ಳು ಸುಮ್ಮನೆ ಕುಣಿಯುವುದಿಲ್ಲ.

ಕಪ್ಪು ವೈರ್:
ಹಾಕಲಿ, ಒಳ್ಳೆಯದೇ. ಆದರೆ ಅದಕ್ಕೂ ಅರ್ತ್ ಬೇಕು. ಮೊದಲು ವೈರ್. ಇನ್ನೊಂದು ಮಾತು: ಹಳೆಯ ಸ್ಟೆಬಿಲೈಸರ್ ಅನ್ನು ಡಿಜಿಟಲ್ ಮಲ್ಟಿಮೀಟರ್‌ನಲ್ಲಿ ಅಳೆದರೆ ಅಂಕಿ ಕುಣಿಯುತ್ತದೆ, ಕೆಟ್ಟಿದೆ ಅನ್ನಿಸುತ್ತದೆ. ಸಣ್ಣ ಬಲ್ಬ್ ಹಿಡಿದು ನೋಡಿ. ಮಿಣುಕಿದರೆ ಕೆಲಸ ಮಾಡುತ್ತಿದೆ ಎಂದರ್ಥ.

ಅಪ್ಪನ ಹೆರಾಲ್ಡ್:
ಸಿಕ್ಕಿತು! ಸ್ಪೀಡೋಮೀಟರ್ ಹಿಂದೆಯೇ ನನ್ನ ಕಾರಿನ ಸ್ಟೆಬಿಲೈಸರ್ ಇದೆ. ಅಲ್ಲಿಗೆ ಸೇರಬೇಕಾದ ಕಪ್ಪು ವೈರ್ ಹೀಟರ್ ಪೈಪ್ ಹಿಂದೆ ಜೋತುಬಿದ್ದಿತ್ತು. ಸ್ಪೀಡೋಮೀಟರ್‌ಗೆ ಅರ್ತ್ ಸಿಗುತ್ತಿದ್ದುದು ಸ್ಪೀಡೋ ಕೇಬಲ್‌ನ ಕವಚದಿಂದ ಮಾತ್ರ, ಅದೂ ಒಮ್ಮೊಮ್ಮೆ. ಲೈಟ್ ಯಾಕೆ ಹಾಗೆ ಮಾಡುತ್ತಿತ್ತು ಅಂತ ಈಗ ಗೊತ್ತಾಯಿತು.

ವೈರ್ ತುದಿ ಉಜ್ಜಿ, ಹೊಸ ರಿಂಗ್ ಹಾಕಿ ಬಿಗಿದೆ. ಬಲ್ಬ್ ಮಿಣುಕಿತು. ಟೆಂಪರೇಚರ್ ಮುಳ್ಳು ಇಪ್ಪತ್ತು ನಿಮಿಷ ಓಡಿಸಿದ ಮೇಲೆ ನಡುವೆ ನಿಂತಿತು. ಆದರೆ ಪೆಟ್ರೋಲ್ ಮುಳ್ಳು ಈಗ ಪೂರ್ತಿ ಕೆಳಗೇ ಇದೆ. ಡಿಕ್ಕಿಯಲ್ಲಿ ಟ್ಯಾಂಕ್‌ನ ಹಸಿರು-ಕಪ್ಪು ವೈರ್ ಬಿಚ್ಚಿ ಒಂದು ಕ್ಷಣ ಬಾಡಿಗೆ ಮುಟ್ಟಿಸಿದರೆ ಫುಲ್‌ಗೆ ಹೋಗುತ್ತದೆ.

ಕಪ್ಪು ವೈರ್:
ಹಾಗಾದರೆ ಮೀಟರ್, ವೈರ್ ಎರಡೂ ಸರಿ ಇವೆ. ಟ್ಯಾಂಕ್‌ನ ಸೆಂಡರ್‌ಗೆ ಅರ್ತ್ ಸಿಗುತ್ತಿಲ್ಲವೇನೋ. ಟ್ಯಾಂಕ್‌ಗೆ ಪೇಂಟ್ ಮಾಡಿದ್ದೀರಾ?

ಅಪ್ಪನ ಹೆರಾಲ್ಡ್:
ಮಾಡಿದ್ದೇನೆ. ಬೋಲ್ಟ್ ಕೂರುವ ಜಾಗಕ್ಕೂ. ನಾಳೆ ಬೆಳಿಗ್ಗೆ ಅಲ್ಲಿ ಕೆರೆದು ನೋಡುತ್ತೇನೆ.