ದೊಡ್ಡ ಪೆಟ್ಟಿಗೆಗೆ ಹಾಕಿದ ಮೇಲೆ ಸುಬ್ಬಿ ಊಟ ಬಿಟ್ಟಿದ್ದಾಳೆ. ಹಳೇ ಟ್ಯಾಂಕಿಗೇ ಹಾಕಲಾ?

ಸುಬ್ಬಿ_ಅಪ್ಪ (ಕೊಲಂಬಸ್, ಒಹಾಯೋ)

ನಮ್ಮ ಮನೆಯಲ್ಲೊಂದು ಬಾಲ್ ಪೈಥಾನ್ ಇದೆ, ಆಫ್ರಿಕಾದ ಚಿಕ್ಕ ಜಾತಿಯ ಹೆಬ್ಬಾವು. ಹೆಣ್ಣು, ನಾಲ್ಕು ವರ್ಷ. ಪಕ್ಕದ ಮನೆ ಹುಡುಗ ಕಾಲೇಜಿಗೆ ಹೊರಟಾಗ ನಮಗೆ ಗಂಟುಬಿದ್ದಳು. ಮಗಳು ಸುಬ್ಬಿ ಅಂತ ಹೆಸರಿಟ್ಟಳು. ಹಾಸನದಲ್ಲಿರುವ ಅಮ್ಮ ವಿಡಿಯೋ ಕಾಲ್‌ನಲ್ಲೇ ಕೈ ಮುಗಿದು "ಹಾಲು ಇಟ್ರೇನೋ?" ಅಂದರು. ಹಾಲಲ್ಲ, ಇಲಿ ಅಂದೆ. ಫೋನು ಅಪ್ಪನ ಕೈಗೆ ಹೋಯಿತು.

ಬಂದಿದ್ದು 20 ಗ್ಯಾಲನ್ ಗಾಜಿನ ಟ್ಯಾಂಕ್ ಸಮೇತ. 30 ಇಂಚು ಉದ್ದ, 12 ಇಂಚು ಅಗಲ. ಮೊನ್ನೆ ಪೊರೆ ಬಿಟ್ಟಾಗ ಅದನ್ನು ಊಟದ ಟೇಬಲ್ ಮೇಲೆ ಹಾಸಿ ಅಳೆದೆ (ಹೆಂಡತಿ ಮನೇಲಿರಲಿಲ್ಲ). 4 ಅಡಿ 9 ಇಂಚು! ಇಷ್ಟುದ್ದದವಳು ಎರಡೂವರೆ ಅಡಿಯಲ್ಲಿ ಇದ್ದಳಲ್ಲ ಅಂತ ಕರುಳು ಚುರ್ ಅಂತು. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪಿವಿಸಿ ಪೆಟ್ಟಿಗೆ ತಂದೆ.

ಅವತ್ತಿನಿಂದ ಐದು ವಾರ. ಮೂರು ಸಲ ಇಲಿ ಇಟ್ಟೆ, ತಿರುಗಿಯೂ ನೋಡಲಿಲ್ಲ. ನೀರಿನ ಬಟ್ಟಲ ಹಿಂದೆ ಚೆಂಡಾಗಿ ಕೂತಿರುತ್ತಾಳೆ. ಅಂಗಡಿಯವನು "ಪೆಟ್ಟಿಗೆ ದೊಡ್ಡದಾಯ್ತು, ಹಳೇದಕ್ಕೇ ಹಾಕಿ" ಅಂದ. ಹಾಕಲಾ? ಫೋಟೋ ಕೆಳಗಿದೆ.

ಬಿಲವಾಸಿ

ಹಾಕಿ ಸರ್. ಕಾಡಿನಲ್ಲೂ ಇದು ಬಿಲದೊಳಗೇ ಬಿದ್ದಿರುವ ಹಾವು. ಇಕ್ಕಟ್ಟು ಅಂದ್ರೇನೇ ಇಷ್ಟ. ಅದಕ್ಕೆ ಬಂಗಲೆ ಯಾಕೆ?

ಹುತ್ತದಮ್ಮ (ಲೀಡ್ಸ್)

ಹಾಕಬೇಡಿ. ಹನ್ನೊಂದು ವರ್ಷದಿಂದ ಇವೇ ಹಾವುಗಳನ್ನು ಸಾಕುತ್ತಿದ್ದೇನೆ, ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಬಿಲವಾಸಿಯವರು ಹೇಳಿದ್ದರಲ್ಲಿ ಅರ್ಧ ನಿಜ. ಪಶ್ಚಿಮ ಆಫ್ರಿಕಾದಲ್ಲಿ ಇವು ಇಲಿ ಹೆಗ್ಗಣಗಳ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಇರುತ್ತವೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿದಂತೆ ಅಂತೀವಲ್ಲ, ಅಕ್ಷರಶಃ ಅದೇ. ಆದರೆ ಅದು ಹಗಲಿನ ಕತೆ. ರಾತ್ರಿ ಹೊರಗೆ ಬಂದು ಓಡಾಡುತ್ತವೆ, ಮರ ಹತ್ತುತ್ತವೆ. ಮಲಗುವ ಕೋಣೆ ಚಿಕ್ಕದಿರಲಿ ಅಂತ ಇಡೀ ಮನೆಯನ್ನೇ ಮಂಚದಷ್ಟು ಮಾಡ್ತೀವಾ?

ನಿಮ್ಮ ಫೋಟೋ ನೋಡಿದೆ. ನೆಲಕ್ಕೆ ಪೇಪರ್, ಒಂದು ಬಟ್ಟಲು, ಒಂದು ಕೊರಡು, ಬೆಕ್ಕು ಮಲಗುವಷ್ಟು ದೊಡ್ಡ ಒಂದು ಗುಹೆ. ಮದುವೆ ಮುಗಿದು ಎಲ್ಲರೂ ಹೋದ ಮೇಲಿನ ಛತ್ರದ ಥರ ಇದೆ. ಅವಳಿಗೆ ಬಯಲಿನ ಭಯ ಅಷ್ಟೆ. ಬಟ್ಟಲ ಹಿಂದೆ ಯಾಕೆ ಕೂರುತ್ತಾಳೆ ಹೇಳಿ? ಅಲ್ಲಿ ಮಾತ್ರ ಎರಡು ಕಡೆ ಮೈಗೆ ಏನೋ ತಾಗುತ್ತೆ.

ಅಡಗುತಾಣ ಎರಡು ಬೇಕು, ಬಿಸಿ ಕಡೆ ಒಂದು, ತಂಪು ಕಡೆ ಒಂದು. ಸುತ್ತಿ ಕೂತರೆ ಮೈ ಗೋಡೆಗೆ ಒತ್ತಬೇಕು, ಅಷ್ಟು ಬಿಗಿ. ದುಡ್ಡು ಸುರಿಯಬೇಡಿ. ಮಣ್ಣಿನ ಕುಂಡ ಮಗುಚಿ, ಬಾಯಂಚನ್ನು ಅವಳು ಧಾರಾಳವಾಗಿ ತೂರುವಷ್ಟು ಒಡೆದು, ಉಜ್ಜಿ ನುಣುಪು ಮಾಡಿ. ನಡುವಿನ ಜಾಗಕ್ಕೆ ರಟ್ಟಿನ ಡಬ್ಬ, ಪ್ಲಾಸ್ಟಿಕ್ ಬಳ್ಳಿ ತುರುಕಿ. ಮುಂದಿನ ಗಾಜಿನಿಂದ ಹಿಂದಿನ ಗೋಡೆ ಕಾಣಬಾರದು. ಪೇಪರ್ ತೆಗೆದು ಮೂರು ಇಂಚು ತೆಂಗಿನ ನಾರಿನ ಚೂರು ಹಾಕಿ. ಹಾಸನದವರು ಅಂತೀರಿ, ಅರಸೀಕೆರೆ ಪಕ್ಕದಲ್ಲಿ ಹುಟ್ಟಿ ನಾರಿಗೆ ಡಾಲರ್ ಕೊಡೋದು ಕಷ್ಟ, ಗೊತ್ತು.

ಇನ್ನೊಂದು ಅನುಮಾನ. ಹಳೇ ಹೀಟ್ ಮ್ಯಾಟನ್ನೇ (ತಳಕ್ಕೆ ಇಡುವ ಬಿಸಿ ಹಾಸು) ಇಲ್ಲೂ ಇಟ್ಟಿದ್ದೀರಾ? ಅದು ಇಷ್ಟು ದೊಡ್ಡ ಪೆಟ್ಟಿಗೆಗೆ ಸಾಲಲ್ಲ, ಅದೂ ನಿಮ್ಮ ಚಳಿಗಾಲದಲ್ಲಿ. ಬಿಸಿ ಕಡೆ 32 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 25-26, ತೇವಾಂಶ ನೂರಕ್ಕೆ 60ರ ಮೇಲೆ ಇರಲಿ. ಹೀಟರ್ ಯಾವುದೇ ಇರಲಿ, ಥರ್ಮೋಸ್ಟಾಟ್ (ಬಿಸಿ ಹದ ಮೀರದಂತೆ ತಡೆಯುವ ಸಾಧನ) ಇಲ್ಲದೆ ಬೇಡ. ಸುಟ್ಟರೂ ಹಾವು ಜಾಗ ಬಿಟ್ಟು ಏಳದೇ ಇರಬಹುದು.

ಗ್ಯಾಲನ್ ಲೆಕ್ಕ ಮರೆತುಬಿಡಿ, ಅದು ಮೀನಿನವರದ್ದು. ನಿಮ್ಮಲ್ಲಿ 29 ಗ್ಯಾಲನ್ ಟ್ಯಾಂಕ್ ಸಿಗುತ್ತಲ್ಲ, ಅದರ ನೆಲವೂ ನಿಮ್ಮ 20ರದ್ದೇ, 30ಕ್ಕೆ 12 ಇಂಚು. ಎತ್ತರ ಮಾತ್ರ ಜಾಸ್ತಿ. ನಾನು ನೋಡೋದು ಇಷ್ಟೇ, ಹಾವು ಒಮ್ಮೆ ಪೂರ್ತಿ ಮೈ ಚಾಚಬಹುದಾ? ಹಾಂ, ಪೊರೆ ಕಳಚುವಾಗ ಹಿಗ್ಗುತ್ತೆ. ಅದನ್ನಳೆದರೆ ಹಾವಿಗಿಂತ ಉದ್ದ ಬರುತ್ತೆ. ಅವಳು ಓಡಾಡುವಾಗ ಬೆನ್ನಗುಂಟ ದಾರ ಹಿಡಿದು ಅಳೆಯಿರಿ.

ತೂಕ ಎಷ್ಟು?

ಸುಬ್ಬಿ_ಅಪ್ಪ

1,340 ಗ್ರಾಂ ಇದ್ದಳು, ಈಗ 1,312. ಅಡುಗೆಮನೆ ತಕ್ಕಡಿಯಲ್ಲೇ ತೂಗಿದ್ದು. ಮ್ಯಾಟ್ ಹಳೇದೇ, ನೀವು ಹೇಳಿದ್ದು ಸರಿ.

ಹುತ್ತದಮ್ಮ (ಲೀಡ್ಸ್)

28 ಗ್ರಾಂ ಏನೂ ಅಲ್ಲ. ನೂರಕ್ಕೆ ಹತ್ತರಷ್ಟು ಇಳಿದರೆ ಡಾಕ್ಟರ ಹತ್ತಿರ ಓಡಿ. ಈಗ ಎರಡು ವಾರ ಮುಟ್ಟಬೇಡಿ, ಎತ್ತಬೇಡಿ, ಮಗಳಿಗೂ ಹೇಳಿ. ಆಮೇಲೆ ರಾತ್ರಿ ದೀಪ ಆರಿಸಿ ಇಲಿಯನ್ನು ಬೆಚ್ಚಗೆ ಮಾಡಿ ಕೊಡಿ. ಮತ್ತೆ ಬಾಗಿಲಿಗೆ ಬೀಗ ಹಾಕಿ. ನನ್ನ ಕಾರ್ನ್ ಸ್ನೇಕ್ ಒಮ್ಮೆ ಬೆರಳು ತೂರದ ಸಂದಿಯಲ್ಲಿ ತೂರಿ ಹೋಗಿ, ಹತ್ತೊಂಬತ್ತು ದಿನ ಆದ ಮೇಲೆ ವಾಷಿಂಗ್ ಮಷೀನ್ ಕೆಳಗೆ ಸಿಕ್ಕಿತು.

ಜಯನಗರ_ಹುಡುಗ

ಬೆಂಗಳೂರಲ್ಲಿ ಒಂದು ಸಾಕಬಹುದಾ?

ಬಿಲವಾಸಿ

ನಮ್ಮ ನಾಗರ, ಕೇರೆ, ಹೆಬ್ಬಾವು ಯಾವುದನ್ನೂ ಮನೆಯಲ್ಲಿ ಇಡುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಬಾಲ್ ಪೈಥಾನ್ ವಿದೇಶಿ. ಆದರೂ 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಕಾಗದ ಇಲ್ಲದೆ ಮಾರೋರ ಹತ್ತಿರ ಹೋಗಬೇಡಿ.

ಸುಬ್ಬಿ_ಅಪ್ಪ

24 ದಿನ ಆಯಿತು, ವರದಿ ಒಪ್ಪಿಸುತ್ತೇನೆ. ದಾರದಲ್ಲಿ ಅಳೆದರೆ 3 ಅಡಿ 11 ಇಂಚು. ಹತ್ತು ಇಂಚು ಪೊರೆಯದ್ದೇ ಮೋಸ!

ಹೆಂಡತಿಯ ಪುದೀನ ಕುಂಡ ಹೋಯಿತು. ಹೊಸ ಹೀಟರ್ ಬಂತು. ಮೊನ್ನೆ ಶನಿವಾರ ರಾತ್ರಿ ಕುಂಡದ ಬಾಯಿಂದ ಮೂತಿ ಮಾತ್ರ ಹೊರಗಿತ್ತು. ಇಲಿ ಆಡಿಸಿದ್ದೇ ತಡ, ಟಪ್ ಅಂತ ಹಿಡಿದು ಒಳಗೆಳೆದುಕೊಂಡಳು. ನಾನು ಕೂಗಿದ್ದಕ್ಕೆ ಮಗಳು ಎದ್ದು ಬಂದಳು. ನಿನ್ನೆ ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದಾಗ ಕೊರಡಿನ ಮೇಲಿಂದ ತಂಪು ಕಡೆಯ ಮೂಲೆವರೆಗೆ ಉದ್ದಕ್ಕೆ ಚಾಚಿಕೊಂಡಿದ್ದಳು. ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು.

ತಕ್ಕಡಿ ವಿಷಯ ಮನೆಯಲ್ಲಿ ಗೊತ್ತಾಗಿದೆ, ಹೊಸದು ತರಬೇಕಂತೆ. 20 ಗ್ಯಾಲನ್ ಟ್ಯಾಂಕ್ ಗ್ಯಾರೇಜಿನಲ್ಲಿದೆ. ಕೊಲಂಬಸ್ ಸುತ್ತಮುತ್ತ ಯಾರಿಗಾದರೂ ಮೀನಿಗೆ ಬೇಕಿದ್ದರೆ ಹೇಳಿ, ಸುಮ್ನೆ ಕೊಡ್ತೀನಿ.