ಪಿಯು ಮಗ ರೂಮಿನಿಂದ ಹೊರಗೇ ಬರುತ್ತಿಲ್ಲ, ಕೇಳೋಕೂ ಭಯ

ದಾವಣಗೆರೆ ಅಮ್ಮ:
ಮಗ ಸೆಕೆಂಡ್ ಪಿಯು, ಸೈನ್ಸ್. ಒಂದು ತಿಂಗಳಿಂದ ಕಾಲೇಜಿನಿಂದ ಬಂದವನೇ ಬಾಗಿಲು ಹಾಕಿಕೊಳ್ಳುತ್ತಾನೆ. ಡಬ್ಬಿಗೆ ಹಾಕಿದ ಚಿತ್ರಾನ್ನ ಹಾಗೇ ವಾಪಸ್ ಬರುತ್ತದೆ, ಕಡಲೆಬೀಜ ಮಾತ್ರ ಆರಿಸಿ ತಿಂದಿರುತ್ತಾನೆ. ರಾತ್ರಿ ಮೂರಾದರೂ ಲೈಟ್ ಉರಿಯುತ್ತಿರುತ್ತದೆ. ಸೋಮವಾರ ಬಂತೆಂದರೆ ಹೊಟ್ಟೆನೋವು, ಸ್ಕ್ಯಾನ್ ಮಾಡಿಸಿದರೆ ಏನೂ ಇಲ್ಲ. ನಮ್ಮ ಯಜಮಾನರು ನಾಟಕ ಅಂತಾರೆ, ಅತ್ತೆ ದೃಷ್ಟಿ ತೆಗಿ ಅಂತಾರೆ. ಮೊನ್ನೆ "ನಾನಿಲ್ದಿದ್ರೆ ಫೀಸಾದ್ರೂ ಉಳಿಯುತ್ತೆ ನಿಮಗೆ" ಅಂದ. ಸುಮ್ನೆ ಅಂದಿದ್ದಾ? ಕೇಳಿದರೆ ನಾನೇ ತಲೆಗೆ ಹುಳ ಬಿಟ್ಟ ಹಾಗಾಗುತ್ತಾ?

ಇಬ್ಬರು ಹೆಣ್ಣುಮಕ್ಕಳ ಅಪ್ಪ:
ಇವತ್ತೇ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ನಾನು ದೊಡ್ಡವಳನ್ನು ಕೇಳಿದ್ದು ಸ್ಕೂಟರ್ ಮೇಲೆ, ಮುಖ ನೋಡಬೇಕಾಗಿಲ್ಲ ಅಲ್ವಾ, "ಸಾಯ್ಬೇಕು ಅನ್ಸುತ್ತಾ ಮಗಾ" ಅಂತ ನೇರವಾಗಿ ಕೇಳಿದೆ, ಎರಡು ಸಿಗ್ನಲ್ ದಾಟುವವರೆಗೆ ಮಾತಿಲ್ಲ, ಆಮೇಲೆ "ಹೂಂ" ಅಂದಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ದಿನದ 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅವನೇ ಮಾಡಬೇಕೆಂದಿಲ್ಲ, ನೀವೂ ಮಾಡಬಹುದು. ಇನ್ನೊಂದು, ಹೊಲಕ್ಕೆ ಹೊಡೆಯುವ ಔಷಧಿ, ಅಜ್ಜಿಯ ಮಾತ್ರೆ, ಎಲ್ಲ ಇವತ್ತೇ ಬೀಗದೊಳಗೆ ಹೋಗಲಿ.

ಹಳೇ ಕಾಲದವನು:
ಮೊಬೈಲ್ ಕಿತ್ಕೊಳ್ಳಿ, ಎರಡೇ ದಿನಕ್ಕೆ ಸರಿ ಹೋಗುತ್ತಾನೆ. ನಮಗೆಲ್ಲ ಇಂಥ ಕಾಯಿಲೆ ಇತ್ತಾ?

ಪಿಯು ಲೆಕ್ಚರರ್:
ಇತ್ತು ಸರ್, ಹೆಸರಿರಲಿಲ್ಲ ಅಷ್ಟೇ. ಊಟ, ನಿದ್ದೆ ಎರಡೂ ಕೆಟ್ಟು ಎರಡು ವಾರ ದಾಟಿದರೆ ಡಾಕ್ಟರ್ ಹತ್ತಿರ ಹೋಗಲೇಬೇಕು, ಇವನು ಆಡಿದ ಮಾತಿಗಂತೂ ಒಂದು ದಿನವೂ ಕಾಯಬಾರದು. ಮೊಬೈಲ್ ಕಿತ್ತುಕೊಂಡರೆ ಮಾತಾಡಲು ಇರುವ ಒಬ್ಬ ಗೆಳೆಯನೂ ಹೋಗುತ್ತಾನೆ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ. ಮಾರ್ಕ್ಸ್ ಮಾತು ಈಗ ಎತ್ತಲೇಬೇಡಿ. 2024ರಿಂದ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ, ಜಾಸ್ತಿ ಬಂದ ಅಂಕವೇ ಉಳಿಯುತ್ತದೆ. ನನ್ನ ಕ್ಲಾಸಲ್ಲೇ ಎಷ್ಟೋ ಮಕ್ಕಳಿಗೆ ಇದು ತಲೆಗೆ ಹೋಗಿಲ್ಲ, ಒಂದು ಸಲ ಎಡವಿದರೆ ಮುಗೀತು ಅಂದುಕೊಂಡಿರುತ್ತವೆ.

ದಾವಣಗೆರೆ ಅಮ್ಮ:
ಕೇಳಿದೆ. ಗೋಡೆ ಕಡೆ ತಿರುಗಿ ಮಲಗಿದ್ದವನು "ದಿನಾ ಅನ್ಸುತ್ತೆ" ಅಂದ. ನಾನು ಬುದ್ಧಿ ಹೇಳೋಕೆ ಹೋಗಲಿಲ್ಲ, ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ರಾತ್ರಿಯೇ 14416ಕ್ಕೆ ಮಾಡಿದೆ. ಬೆಳಿಗ್ಗೆ ಆಸ್ಪತ್ರೆಗೆ ಹೊರಟಿದ್ದೇವೆ. ನಾಟಕ ಅಂದವರೇ ರಜೆ ಹಾಕಿ ರಾತ್ರಿಯೆಲ್ಲ ಅವನ ರೂಮಿನಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದರು.