ಸುವೋನ್‌ನ ಅಪಾರ್ಟ್‌ಮೆಂಟಿಗೆ ಎರಡು ಮಕ್ಕಳೊಂದಿಗೆ: ಕೆಳಮನೆಗೆ ಸದ್ದಾಗದಂತೆ ಏನು ಮಾಡಬೇಕು?

ವಾಕಡ್‌ವಾಸಿ:
ಪುಣೆಯಿಂದ ದಕ್ಷಿಣ ಕೊರಿಯಾದ ಸುವೋನ್‌ಗೆ ಎರಡು ವರ್ಷಕ್ಕೆ ವರ್ಗವಾಗಿದೆ. 11ನೇ ಮಹಡಿ, ಮಕ್ಕಳಿಗೆ 3 ಮತ್ತು 6 ವರ್ಷ. ಅಲ್ಲಿ ಮಹಡಿ ಸದ್ದಿನ ಜಗಳ ಪೊಲೀಸರ ತನಕ ಹೋಗುತ್ತದಂತೆ. ಮ್ಯಾಟ್ ಎಷ್ಟು ದಪ್ಪ ಬೇಕು? ಮಿಕ್ಸರ್, ಗ್ರೈಂಡರ್ ಒಯ್ಯಬಹುದೇ? ಕೆಳಗಿನವರು ದೂರಿದರೆ ಏನು ಮಾಡುವುದು?

ಕೊತ್ರೂಡ ಕನ್ನಡಿಗ:
ಕೆಳಮನೆಗೆ ಹೆಚ್ಚು ತಾಗುವುದು ಹಿಮ್ಮಡಿಯ ಧಬಧಬ. ಅಲ್ಲಿನ ಬಹುತೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಕಾಂಕ್ರೀಟ್ ಗೋಡೆಗಳೇ ಸ್ಲ್ಯಾಬ್ ಹೊರುತ್ತವೆ. ಈಚಿನ ಕಟ್ಟಡಗಳಲ್ಲಿ ಸ್ಲ್ಯಾಬ್ 210 ಮಿ.ಮೀ. ಇರುತ್ತದೆ, ನಮ್ಮ ಸೊಸೈಟಿಗಳ 125–150ಕ್ಕಿಂತ ದಪ್ಪ. ಆದರೂ ಕಂಪನ ಗೋಡೆ ಹಿಡಿದು ಇಳಿಯುತ್ತದೆ, ಓರೆಯಾಗಿ ಪಕ್ಕದ ಮನೆಗೂ ಹೋಗುತ್ತದೆ.

10 ಮಿ.ಮೀ. ಜೋಡಿಸುವ ಮ್ಯಾಟು ಆಟಿಕೆ ಬಿದ್ದ ಟಕ್ ಸದ್ದಿಗೆ ಸಾಕು, ಓಟಕ್ಕೆ ಸಾಲದು. 40 ಮಿ.ಮೀ. ದಪ್ಪದ ಮಡಚುವ ಫೋಮ್ ಮ್ಯಾಟ್ ಅಲ್ಲೇ ಕೊಳ್ಳಿ. ಜನ ತಪ್ಪುವುದು ಎಲ್ಲಿ ಅಂದರೆ, ಆಟದ ಮೂಲೆಗಷ್ಟೇ ಹಾಸುತ್ತಾರೆ. ಮಕ್ಕಳು ಓಡುವುದು ಮಲಗುವ ಕೋಣೆಯಿಂದ ಅಡುಗೆಮನೆಗೆ. ಆ ದಾರಿಯಿಡೀ ಹಾಸಿ, ನಡುವೆ ಸಂದು ಬಿಡಬೇಡಿ. ಸೋಫಾದಿಂದ ಧುಮುಕಿದರೆ ಮಾತ್ರ 40 ಮಿ.ಮೀ. ಕೂಡ ಕೈಕೊಡುತ್ತದೆ. ನೆಲದಡಿ ಬಿಸಿನೀರಿನ ಕೊಳವೆ ಇರುವುದರಿಂದ ಮ್ಯಾಟಿನಡಿ ತೇವ ಕೂಡಿ ಬೂಸ್ಟು ಹಿಡಿಯಬಹುದು, ವಾರಕ್ಕೊಮ್ಮೆ ಎತ್ತಿ ಒರೆಸಿ. ದೊಡ್ಡವರಿಗೆ ದಪ್ಪ ಅಟ್ಟೆಯ ಮನೆ ಚಪ್ಪಲಿ.

ಧಾರವಾಡ ಪೇಡಾ:
ಮಿಕ್ಸರ್ ಒಯ್ಯಿರಿ. ಅಲ್ಲಿ 220 ವೋಲ್ಟ್, ದುಂಡನೆಯ ಎರಡು ಪಿನ್ನಿನ ಪ್ಲಗ್; ಅಡಾಪ್ಟರ್ ಬೇಕು. ಕೆಳಗೆ 10–12 ಮಿ.ಮೀ. ರಬ್ಬರ್ ಹಾಳೆ ಹಾಕಿ, ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ವೆಟ್ ಗ್ರೈಂಡರ್ ಬೇಡ್ರಿ: ಅದರ ಇಂಡಕ್ಷನ್ ಮೋಟಾರು ನಮ್ಮ ಕರೆಂಟಿನ 50 ಹರ್ಟ್ಸಿಗೆ ಮಾಡಿದ್ದು, ಅಲ್ಲಿ 60 ಹರ್ಟ್ಸ್. ಸುಮಾರು 20% ಜೋರಾಗಿ ತಿರುಗುತ್ತದೆ, ನಡುಕವೂ ಹೆಚ್ಚು. ಕುರ್ಚಿಕಾಲಿಗೆ ಅಂಟಿಸುವ ಫೆಲ್ಟ್ ದಿನಾ ನೆಲ ಒರೆಸುವ ಮನೆಯಲ್ಲಿ ತಿಂಗಳೂ ನಿಲ್ಲದು, ಕಾಲಿಗೆ ತೊಡಿಸುವ ರಬ್ಬರ್ ಟೊಪ್ಪಿಗೆ ತಗೊಳ್ರಿ.

ಹಿಂಜವಡಿ ರೂಟ್:
ಕಾನೂನಿನ ಮಿತಿ 2023ರ ಜನವರಿಯಿಂದ ಬಿಗಿಯಾಗಿದೆ. ಓಟ, ಬಡಿತಕ್ಕೆ ಒಂದು ನಿಮಿಷದ ಸರಾಸರಿ ಹಗಲು 39, ರಾತ್ರಿ 34 ಡೆಸಿಬಲ್ (ಮೊದಲು 43, 38). ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಟಿವಿ, ವಾದ್ಯಕ್ಕೆ ಐದು ನಿಮಿಷದ ಸರಾಸರಿ 45 ಮತ್ತು 40. ಬಚ್ಚಲಿನ ನೀರಿನ ಸದ್ದು ಈ ಲೆಕ್ಕಕ್ಕಿಲ್ಲ, ಆದರೂ ರಾತ್ರಿ ವಾಷಿಂಗ್ ಮಷೀನ್ ಹಾಕಬೇಡಿ.

ದೂರು ಬಂದರೆ, ಅಥವಾ ನಿಮಗೇ ಮೇಲಿನವರಿಂದ ತೊಂದರೆಯಾದರೆ, ಪುಣೆಯ ಹಾಗೆ ನೇರ ಹೋಗಿ ಬೆಲ್ ಒತ್ತಬೇಡಿ. ಇಂಟರ್‌ಕಾಮ್‌ನಲ್ಲಿ ಕಟ್ಟಡದ ನಿರ್ವಹಣಾ ಕಚೇರಿಗೆ ಹೇಳಿ, ಅವರೇ ಮಾತಾಡುತ್ತಾರೆ. ತಾರೀಖು, ಹೊತ್ತು, ಯಾವ ಕೋಣೆ, ಎಷ್ಟು ನಿಮಿಷ ಎಂದು ಬರೆದಿಡಿ. ಮೊಬೈಲ್ ಆ್ಯಪ್‌ನ ಡೆಸಿಬಲ್ ಪುರಾವೆಯಾಗದು. ಅಲ್ಲಿಗೂ ಮುಗಿಯದಿದ್ದರೆ ಇದಕ್ಕೆಂದೇ 2012ರಲ್ಲಿ ತೆರೆದ ಸರ್ಕಾರಿ ಸಲಹಾ ಕೇಂದ್ರವಿದೆ, ಮನೆಗೆ ಬಂದು ಅಳೆಯುತ್ತಾರೆ. ಸೇಡಿಗೆ ಪದೇ ಪದೇ ಗೋಡೆ, ಸೂರು ಬಡಿಯುವುದು ಹಿಂಬಾಲಿಸಿ ಕಾಡುವ ಅಪರಾಧವಾಗಬಲ್ಲದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ.

ವಾಕಡ್‌ವಾಸಿ:
ಹಾಗಾದರೆ ಬಾಕರವಡಿಯಂಥ ಖಾರದ ತಿಂಡಿ ಹಿಡಿದು ಕೆಳಮನೆಗೆ ಹೋಗುವುದೂ ತಪ್ಪೇ?

ಹಿಂಜವಡಿ ರೂಟ್:
ಅದು ಬೇರೆ. ಮನೆ ಹೊಕ್ಕ ವಾರದಲ್ಲೇ, ಹಗಲು ಹೊತ್ತಿನಲ್ಲಿ ಒಮ್ಮೆ ಹೋಗಿ. ಮಕ್ಕಳ ವಯಸ್ಸು, ಮ್ಯಾಟ್ ಹಾಸಿದ್ದೀರೆಂಬುದು, ನಿಮ್ಮ ಫೋನ್ ನಂಬರ್ ಕೊರಿಯನ್‌ನಲ್ಲಿ ಬರೆಸಿದ ಚೀಟಿ ಜೊತೆಗಿರಲಿ. ಖಾರ ಕಡಿಮೆ ಮಾಡುವ ಅಗತ್ಯವೇನೂ ಇಲ್ಲ.